ಗಾಳಿಮನೆಯ ಹೊದಿಕೆ

ಒಂದೇ ಸೂರಿನ ಕೆಳಗೆ ಒಂದು ಊರಿತ್ತು. ಬೀದಿಗಳ ಮೇಲೆ ಸೂರು, ಬಾವಿಯ ಮೇಲೆ ಸೂರು, ಹಸು ಕಟ್ಟುವ ಜಾಗದ ಮೇಲೂ ಅದೇ ಸೂರು. ಹೊರಗಿನ ಬಿಸಿಲು ಬೆಂಕಿ ಎಂದು ಹಿಂದಿನವರು ಹಾಗೆ ಕಟ್ಟಿದ್ದರು. ಊರಿಗೆ ಕಿಟಕಿ ಇರಲಿಲ್ಲ. ಕಿಟಕಿ ಎಂಬ ಮಾತು ಮಾತ್ರ ಇತ್ತು. ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಯುವ ಚೌಕಕ್ಕೆ ಜನ ಆ ಹೆಸರು ಹೇಳುತ್ತಿದ್ದರು.

ಊರು ಉಸಿರಾಡುವ ಗಾಳಿ ಉತ್ತರದ ತುದಿಯ ಗಾಳಿಮನೆಯಿಂದ ಬರುತ್ತಿತ್ತು. ಅದು ಒಂದರ ಹಿಂದೆ ಒಂದು ನಾಲ್ಕು ತಗಡಿನ ಕೋಣೆಗಳ ಯಂತ್ರ. ಹೊರಗಿನ ಗಾಳಿ ನಾಲ್ಕನೆಯ ಕೋಣೆಯ ಜಾಲರಿಯಿಂದ ಒಳಗೆ ಬರುತ್ತಿತ್ತು, ಮೂರನೆಯದರಲ್ಲಿ ತಣ್ಣನೆಯ ಕೊಳವೆಗಳಿಗೆ ತಾಗಿ ತಂಪಾಗುತ್ತಿತ್ತು, ಎರಡನೆಯದರಲ್ಲಿ ದೊಡ್ಡ ಬೀಸುಚಕ್ರ ಅದನ್ನು ದೂಡುತ್ತಿತ್ತು, ಮೊದಲನೆಯದರಿಂದ ಅದು ಕೊಳವೆ ಹಿಡಿದು ಮನೆಮನೆಯ ಗಾಳಿಕಂಡಿಗೆ ಹೋಗುತ್ತಿತ್ತು. ತಂಪು ಸೋರಿಹೋಗಬಾರದೆಂದು, ಚಕ್ರದ ಸದ್ದು ಊರಿನ ಕಿವಿ ಒಡೆಯಬಾರದೆಂದು, ನಾಲ್ಕೂ ಕೋಣೆಗಳ ಒಳಗೋಡೆಗೆ ಕೌದಿಯಷ್ಟು ದಪ್ಪದ ನಾರಿನ ಹೊದಿಕೆ ಹೊದಿಸಿದ್ದರು. ಆದರೂ ಒಂದು ಹೂಂಕಾರ ಊರಿನ ಮೇಲೆ ಸದಾ ಇರುತ್ತಿತ್ತು. ಅದನ್ನು ಯಾರೂ ಸದ್ದು ಎಂದು ಎಣಿಸುತ್ತಿರಲಿಲ್ಲ.

ಗಾಳಿಮನೆಯ ಬಾಗಿಲ ಮೇಲೆ ಕಲ್ಲಿನಲ್ಲಿ ಮೂರು ಸಾಲಿನ ಕಟ್ಟಳೆ ಕೆತ್ತಿತ್ತು.

ವರ್ಷಕ್ಕೊಮ್ಮೆ ಒಬ್ಬರು ಒಳಗೆ ಹೋಗಿ ಹೊದಿಕೆಯನ್ನು ಬಿಳಿ ಬಟ್ಟೆಯಿಂದ ಒರೆಸತಕ್ಕದ್ದು.

ಬಟ್ಟೆ ಬಿಳಿಯಾಗಿಯೇ ಹೊರಗೆ ಬರತಕ್ಕದ್ದು.

ಬಿಳಿ ಬಟ್ಟೆ ತಾರದವರು ಹೊರಗೆ ಬಂದಂತಲ್ಲ.

ಆ ದಿನ ಊರೆಲ್ಲ ಮಿಂದು ಗಾಳಿಮನೆಯ ಮುಂದೆ ಸೇರುತ್ತಿತ್ತು. ಒರೆಸುವವರು ಒಳಗೆ ಹೋಗಿ ಬರುತ್ತಿದ್ದರು. ಊರಿನ ಯಜಮಾನರು ಬಟ್ಟೆಯನ್ನು ಕೋಲಿಗೆ ಕಟ್ಟಿ ಎತ್ತುತ್ತಿದ್ದರು. ಸಾರುವವನು ‘ಬಟ್ಟೆ ಬೆಳ್ಳಗಿದೆ’ ಎಂದು ಮೂರು ಸಲ ಕೂಗುತ್ತಿದ್ದ. ಆಮೇಲೆ ಊಟ. ಬಟ್ಟೆ ಬೆಳ್ಳಗಿರದ ವರ್ಷ ಯಾರ ನೆನಪಿನಲ್ಲೂ ಇರಲಿಲ್ಲ.

ಊರಿನವರು ಕೆಮ್ಮುತ್ತಿದ್ದರು. ಇದನ್ನು ಬೇರೆಯಾಗಿ ಹೇಳಬೇಕಾದ ಕಾರಣ, ಅವರು ಅದನ್ನು ಎಂದೂ ಬೇರೆಯಾಗಿ ಹೇಳುತ್ತಿರಲಿಲ್ಲ. ಬೆಳಗ್ಗೆ ಎದ್ದು ಮುಖ ತೊಳೆಯುವ ಹಾಗೆ ಕೆಮ್ಮು. ಹೆಣ್ಣು ನೋಡಲು ಬಂದವರು ಹುಡುಗಿ ಕೆಮ್ಮುವುದು ಮೆತ್ತಗೋ ಗಡುಸೋ ಎಂದು ಕೇಳುತ್ತಿದ್ದರು. ಮನೆಗೆ ಬಂದು ಒಮ್ಮೆಯೂ ಕೆಮ್ಮದೆ ಹೋದ ನೆಂಟನನ್ನು ಸೊಕ್ಕಿನವನು ಎನ್ನುತ್ತಿದ್ದರು.

ಮರುಳಯ್ಯ ಎಂಬ ಮುದುಕ ಮೂವತ್ತೊಂದು ವರ್ಷ ಹೊದಿಕೆ ಒರೆಸಿದ್ದ. ಗಾಳಿಮನೆಯ ಬಾಗಿಲು ಗಿಡ್ಡ, ಬಗ್ಗಿಯೇ ಹೋಗಬೇಕು. ಮೂವತ್ತೆರಡನೆಯ ವರ್ಷ ಅವನ ಮೊಣಕಾಲು ಬಗ್ಗಲಿಲ್ಲ. ಯಜಮಾನರು ಊರಿನಲ್ಲಿ ಯೋಚಿಸಿ ಕೌದಿ ಹೊಲಿಯುವ ಹಾಲಮ್ಮನನ್ನು ಕರೆಸಿದರು.

‘ಹೊದಿಕೆ ಅಂದರೆ ಕೌದಿಯೇ ಅಲ್ಲವೇನಮ್ಮ,’ ಎಂದರು. ‘ನಿನ್ನ ಕೈ ಪಳಗಿದ ಕೆಲಸ.’

ಹಾಲಮ್ಮ ಒಪ್ಪಿದಳು. ಒಪ್ಪದಿರಲು ಕಾರಣ ಇರಲಿಲ್ಲ. ಅವಳ ಗಂಡ ಪಾಲಾಕ್ಷನೇ ಊರಿನ ಸಾರುವವನು. ಹೆಂಡತಿ ತಂದ ಬಟ್ಟೆಯನ್ನು ಗಂಡ ಸಾರುವುದು ಲಕ್ಷಣವಾಗಿರುತ್ತದೆ ಎಂದು ಊರು ಮೆಚ್ಚಿತು. ಪಾಲಾಕ್ಷನ ಗಂಟಲು ಊರಿನಲ್ಲೇ ದೊಡ್ಡದು. ಈಚೆಗೆ ಎರಡು ಮಾತಿಗೊಮ್ಮೆ ಅವನು ಕೆಮ್ಮಲೇಬೇಕಾಗುತ್ತಿತ್ತು. ‘ಬಟ್ಟೆ’ ಎಂದು ಕೂಗಿ, ಕೆಮ್ಮಿ, ‘ಬೆಳ್ಳಗಿದೆ’ ಎನ್ನುತ್ತಿದ್ದ. ಜನ ಅದಕ್ಕೆ ಒಗ್ಗಿದ್ದರು. ಮಕ್ಕಳು ಸಾರುವ ಆಟ ಆಡುವಾಗ ನಡುವೆ ಸರಿಯಾಗಿ ಒಮ್ಮೆ ಕೆಮ್ಮುತ್ತಿದ್ದರು. ಕೆಮ್ಮು ಮರೆತವನು ಔಟು.

ಒರೆಸುವ ಹಿಂದಿನ ದಿನ ಹಾಲಮ್ಮ ಮರುಳಯ್ಯನ ಮನೆಗೆ ಹೋದಳು. ಮುದುಕ ಕಾಲು ನೀಡಿಕೊಂಡು ಎಣ್ಣೆ ಉಜ್ಜುತ್ತಿದ್ದ.

‘ಕೆಲಸ ಹೇಳಿಕೊಡು ಅಜ್ಜ.’

‘ಕೆಲಸ ಸಣ್ಣದು,’ ಎಂದ ಮರುಳಯ್ಯ. ‘ಬಾಗಿಲು ದಾಟಿದ ಕೂಡಲೇ ಬಲಗಡೆ, ಭುಜದ ಎತ್ತರದಲ್ಲಿ ಅಂಗೈ ಅಗಲದ ಒಂದು ಜಾಗ ಇದೆ. ಪ್ರತಿವರ್ಷ ಅದನ್ನ ಸೀಗೆಪುಡಿ ಹಾಕಿ ತೊಳೆದು ಇಟ್ಟಿದೀನಿ. ಬಟ್ಟೆ ಅಲ್ಲಿ ಆಡಿಸು, ಹೊರಗೆ ಬಾ.’

‘ಮಿಕ್ಕ ಜಾಗ?’

‘ಮಿಕ್ಕ ಜಾಗ ದೊಡ್ಡದು.’

‘ಎರಡನೇ ಕೋಣೆಗೆ ಹೋಗೋದು ಬೇಡವಾ?’

‘ಮೊಣಕಾಲು ನೋವು ಬರುತ್ತೆ,’ ಎಂದ ಮುದುಕ. ಆಮೇಲೆ ಎಣ್ಣೆಯ ಬಟ್ಟಲನ್ನು ನೋಡುತ್ತಾ, ‘ಒತ್ತಬೇಡ ತಾಯಿ. ಒರೆಸು. ಒತ್ತಬೇಡ,’ ಎಂದ.

ಮಾರನೆಯ ದಿನ ಹಾಲಮ್ಮ ಬಿಳಿ ಸೀರೆ ಉಟ್ಟು, ಬಿಳಿ ಬಟ್ಟೆ ಹಿಡಿದು, ತಲೆ ಬಗ್ಗಿಸಿ ಗಾಳಿಮನೆಯ ಒಳಗೆ ಹೋದಳು. ಬಲಗಡೆ, ಭುಜದ ಎತ್ತರದಲ್ಲಿ, ಅಂಗೈ ಅಗಲದ ಬಿಳಿಯ ಜಾಗ ಕಂಡಿತು. ಸುತ್ತ ಎಲ್ಲವೂ ಬೂದು ಬಣ್ಣ. ಅವಳು ಬಟ್ಟೆ ಆಡಿಸಿದಳು. ಬಟ್ಟೆ ಬೆಳ್ಳಗಿತ್ತು. ಅಲ್ಲಿಗೆ ಕೆಲಸ ಮುಗಿಯಿತು.

ಆದರೆ ಇಪ್ಪತ್ತು ವರ್ಷ ಕೌದಿ ಹೊಲಿದ ಕೈ. ಮೇಲೆ ಒಣಗಿದಂತೆ ಕಾಣುವ ಕೌದಿ ಒಳಗೆ ಹಸಿಯಾಗಿರುತ್ತದೆ. ಒತ್ತಿ ನೋಡದೆ ಮಡಿಸಿಟ್ಟರೆ ನಾಲ್ಕು ದಿನಕ್ಕೆ ಮುಗ್ಗಲು ವಾಸನೆ. ಈಚೆಗೆ ಗಾಳಿಕಂಡಿಯ ಮುಂದೆ ಎಷ್ಟು ಹೊತ್ತು ಹರವಿದರೂ ಕೌದಿಗಳು ಒಣಗುತ್ತಿರಲಿಲ್ಲ. ಒಣಗಿದ್ದರಲ್ಲೂ ಅದೇ ವಾಸನೆ ಬರುತ್ತಿತ್ತು. ಅವಳ ಕೈ ಅವಳನ್ನು ಕೇಳದೆ ಹೊದಿಕೆಯನ್ನು ಒತ್ತಿತು. ಬೆರಳ ಸಂದಿಯಿಂದ ನೀರು ಇಳಿದು ಮೊಣಕೈವರೆಗೆ ಹರಿಯಿತು. ನೀರು ಕಂದು ಬಣ್ಣ.

ಅವಳು ಎರಡನೆಯ ಕೋಣೆಗೆ ಹೋದಳು. ಬೀಸುಚಕ್ರದ ಪಕ್ಕದಲ್ಲಿ ಒಬ್ಬರು ಓರೆಯಾಗಿ ಹಾಯುವಷ್ಟು ದಾರಿ ಇತ್ತು. ಅಲ್ಲಿ ಹೊದಿಕೆಯ ಮೈ ಕಿತ್ತುಬಂದು, ಎಳೆ ಎಳೆಯಾಗಿ ನಾರು ಗಾಳಿಯಲ್ಲಿ ನಿಂತಿತ್ತು. ಅವಳು ನೋಡುತ್ತಿದ್ದಂತೆ ಒಂದು ಎಳೆ ಬಿಟ್ಟುಕೊಂಡು ಊರಿನ ಕಡೆ ಹೋಯಿತು. ಮೂರನೆಯ ಕೋಣೆಗೆ ಹೋದಳು. ತಣ್ಣನೆಯ ಕೊಳವೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಳಗೆ ಆ ನೀರು ಹಿಡಿಯಲು ಒಂದು ತಗಡಿನ ತೊಟ್ಟಿ. ತೊಟ್ಟಿಯ ಕಿಂಡಿ ಕಟ್ಟಿಕೊಂಡು ನೀರು ಅಂಚಿನವರೆಗೆ ನಿಂತಿತ್ತು, ಮೇಲೆ ಕೆನೆಯಂಥದ್ದೊಂದು ಪದರ. ಗೋಡೆಯ ಹೊದಿಕೆ ಬತ್ತಿಯ ಹಾಗೆ ತೊಟ್ಟಿಯ ನೀರನ್ನು ಹೀರಿ ಮೇಲಕ್ಕೆ ಎಳೆದುಕೊಂಡಿತ್ತು. ನೀರು ಏರಿದಷ್ಟು ಎತ್ತರಕ್ಕೂ ಹೊದಿಕೆ ಕಪ್ಪಾಗಿತ್ತು. ಒದ್ದೆ ನಾಯಿಯ ಮೈಯ ಕಪ್ಪು. ಬಂದ ಗಾಳಿಯೆಲ್ಲ ಅದನ್ನು ಸವರಿಕೊಂಡು ಹೋಗುತ್ತಿತ್ತು.

ಹಾಲಮ್ಮ ಅಲ್ಲಿ ಎಷ್ಟು ಹೊತ್ತು ನಿಂತಳೋ ಗೊತ್ತಿಲ್ಲ. ಹೊರಗೆ ಊರು ಕಾಯುತ್ತಿತ್ತು. ಅಡುಗೆ ಆರುತ್ತಿತ್ತು. ಅವಳು ಕೈಯನ್ನು ಒಳಲಂಗಕ್ಕೆ ಒರೆಸಿಕೊಂಡು, ಬಿಳಿ ಬಟ್ಟೆ ಹಿಡಿದು ಹೊರಗೆ ಬಂದಳು.

ಬಟ್ಟೆ ಕೋಲಿಗೆ ಏರಿತು. ಪಾಲಾಕ್ಷ ಅವಳ ಕಡೆ ನೋಡಿ ನಕ್ಕು, ಎದೆ ತುಂಬ ಉಸಿರೆಳೆದು, ‘ಬಟ್ಟೆ’ ಎಂದು ಕೂಗಿದ. ಆಮೇಲೆ ಕೆಮ್ಮಿದ. ಈ ಸಲ ಕೆಮ್ಮು ನಿಲ್ಲಲಿಲ್ಲ. ಊರು ಶ್ರದ್ಧೆಯಿಂದ ಕಾಯಿತು. ಕೊನೆಗೆ ಅವನು ‘ಬೆಳ್ಳಗಿದೆ’ ಎಂದಾಗ ಅದು ಮುಂದಿನ ಸಾಲಿನವರಿಗಷ್ಟೇ ಕೇಳಿಸಿತು. ಊಟಕ್ಕೆ ಕೂತಾಗ ಹಾಲಮ್ಮನಿಗೆ ತುತ್ತು ಇಳಿಯಲಿಲ್ಲ. ಮೊದಲ ಸಲ ಅಲ್ಲವೇ, ಗಾಬರಿ, ಎಂದರು ಪಕ್ಕದವರು.

ಆ ವರ್ಷ ಪಾಲಾಕ್ಷನ ಗಂಟಲು ದಿನದಿನಕ್ಕೆ ಕುಗ್ಗಿತು. ಕೂಗು ಹೋಗಿ ಮಾತಾಯಿತು, ಮಾತು ಹೋಗಿ ಪಿಸುಮಾತಾಯಿತು, ಆಮೇಲೆ ತುಟಿ ಮಾತ್ರ ಆಡುತ್ತಿತ್ತು. ಅವನು ಕವಲುದಾರಿಯಲ್ಲಿ ನಿಂತು ಬಾಯಿ ತೆರೆದು ಮುಚ್ಚುತ್ತಿದ್ದ. ಜನ ನಿಂತು ಕೇಳಿ ತಲೆದೂಗಿ ಹೋಗುತ್ತಿದ್ದರು. ಮೊದಲಿಗಿಂತ ಈಗಲೇ ಗಂಭೀರವಾಗಿದೆ ಎಂದು ಯಜಮಾನರು ಹೊಗಳಿದರು. ಮನೆಯಲ್ಲಿ ಪಾಲಾಕ್ಷ ಗೋಡೆಗೆ ಒರಗಿ ಕೂತೇ ಮಲಗುತ್ತಿದ್ದ, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಬೆಳಗ್ಗೆ ಅವನ ಕರವಸ್ತ್ರ ಒಗೆಯುವಾಗ ಹಾಲಮ್ಮ ಅದರ ಬಣ್ಣ ನೋಡುತ್ತಿದ್ದಳು.

ಒಂದು ಬೆಳಗ್ಗೆ ಅವಳು ಅವನ ಎದುರು ಕೂತು ಹೇಳಿದಳು: ‘ಹೋದ ಸಲ ನಾನು ತಂದ ಬಟ್ಟೆ ಸುಳ್ಳು ರೀ. ಒಳಗೆಲ್ಲ ಕಪ್ಪು.’

ಪಾಲಾಕ್ಷ ಅವಳನ್ನು ನೋಡಿದ. ಆಮೇಲೆ ತುಟಿಯಾಡಿಸಿದ. ಸದ್ದಿಲ್ಲದ ಮಾತು ಓದುವುದು ಅವಳಿಗೆ ಅಷ್ಟರಲ್ಲಿ ಅಭ್ಯಾಸವಾಗಿತ್ತು. ‘ನಾನೇ ಕೂಗಿದೆನಲ್ಲ’ ಎಂದಿದ್ದ.

ಅವಳು ಯಜಮಾನರ ಬಳಿ ಹೋದಳು. ಯಜಮಾನರು ಸಭೆಯ ಚಾವಡಿಯಲ್ಲಿ, ಗೋಡೆಯುದ್ದಕ್ಕೂ ಸಾಲಾಗಿ ಇಟ್ಟ ದಪ್ಪ ಉರುಳುದಿಂಬುಗಳಿಗೆ ಒರಗಿ ಕೂತಿದ್ದರು. ಕೆಟ್ಟ ಮನುಷ್ಯರಲ್ಲ. ಯಾರ ಮಾತನ್ನೂ ಅರ್ಧಕ್ಕೆ ತಡೆದವರಲ್ಲ. ಅವಳು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದರು.

‘ಆದರೆ ಬಟ್ಟೆ ಬೆಳ್ಳಗಿತ್ತಲ್ಲಮ್ಮ.’

‘ಒರೆಸಿದ ಜಾಗ ಬೆಳ್ಳಗಿತ್ತು ಯಜಮಾನರೇ.’

‘ಒಂದು ಜಾಗ ಬೆಳ್ಳಗಿದೆ ಅಂತಾಯಿತು. ಮಿಕ್ಕ ಜಾಗವನ್ನೂ ಹಾಗೇ ಮಾಡಿದರಾಯಿತು. ಸುಣ್ಣ ಹೊಡೆಸೋಣ.’

‘ಒದ್ದೆಯ ಮೇಲೆ ಸುಣ್ಣ ನಿಲ್ಲಲ್ಲ. ಕೊಳೆತ ಕೌದಿಗೆ ಹೊಸ ಮುಸುಕು ಹಾಕಿದ ಹಾಗೆ. ಕಿತ್ತೇ ತೆಗೆಯಬೇಕು. ಯಂತ್ರ ನಿಲ್ಲಿಸಬೇಕು.’

ಯಂತ್ರ ನಿಲ್ಲಿಸುವುದು ಎಂಬ ಮಾತಿಗೆ ಚಾವಡಿಯಲ್ಲಿದ್ದ ಒಬ್ಬ ಮುದುಕ ಎದ್ದು ಹೊರಗೆ ಹೋಗಿಬಿಟ್ಟ. ಯಜಮಾನರು ಅವಳಿಗೆ ಕುಡಿಯಲು ನೀರು ಕೊಡಿಸಿ, ಸುಣ್ಣ ಹೊಡೆಸಿದರು.

ಎರಡು ವಾರ ಗಾಳಿಮನೆ ಹೊಸದರ ಹಾಗಿತ್ತು. ಮೂರನೆಯ ವಾರ ಸುಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತು. ಗಾಳಿಕಂಡಿಗಳಿಂದ ಬಿಳಿಯ ಚಕ್ಕೆಗಳು ಊರಿನ ಮೇಲೆ ಉದುರಿದವು. ಜನ ಅದನ್ನು ಒಳ್ಳೆಯ ಶಕುನ ಎಂದರು. ಹೆಂಗಸರು ಮುಡಿಗೆ ಬಿದ್ದ ಚಕ್ಕೆಯನ್ನು ತೆಗೆಯಲಿಲ್ಲ. ಮಜ್ಜಿಗೆಯಲ್ಲಿ ಬಿದ್ದದ್ದನ್ನು ಮಾತ್ರ ಬೆರಳಿಂದ ತೆಗೆದು ಕುಡಿದರು.

ಮತ್ತೆ ಆ ದಿನ ಬಂತು. ಊರು ಮಿಂದು ಸೇರಿತು. ಹಾಲಮ್ಮ ತಲೆ ಬಗ್ಗಿಸಿ ಒಳಗೆ ಹೋದಳು. ಅಂಗೈ ಅಗಲದ ಜಾಗವನ್ನು ದಾಟಿದಳು. ಬೀಸುಚಕ್ರವನ್ನು ದಾಟಿದಳು. ಮೂರನೆಯ ಕೋಣೆಯಲ್ಲಿ ಮಂಡಿಯೂರಿ, ಬಿಳಿ ಬಟ್ಟೆಯನ್ನು ಎರಡೂ ಕೈಯಿಂದ ಹೊದಿಕೆಗೆ ಒತ್ತಿ ಹಿಡಿದಳು. ರೊಟ್ಟಿ ಬೇಯುವಷ್ಟು ಹೊತ್ತು ಹಿಡಿದಿದ್ದಳು. ಆಮೇಲೆ ಹೊರಗೆ ಬಂದಳು.

ಯಜಮಾನರು ಬಟ್ಟೆ ತೆಗೆದುಕೊಳ್ಳಲು ಕೈ ಚಾಚಿದರು. ಚಾಚಿದ ಕೈಯನ್ನು ಹಾಗೆಯೇ ಹಿಂದಕ್ಕೆ ಎಳೆದುಕೊಂಡರು. ಬಟ್ಟೆಯಿಂದ ಕಪ್ಪು ನೀರು ಅವಳ ಬಿಳಿ ಸೀರೆಯ ಮೇಲೆ, ಪಾದದ ಮೇಲೆ, ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು. ಊರು ನೋಡಿತು. ಊರು ಯಜಮಾನರನ್ನು ನೋಡಿತು.

ಯಜಮಾನರು ಬಾಗಿಲ ಮೇಲಿನ ಮೂರನೆಯ ಸಾಲನ್ನು ಎರಡು ಸಲ ಓದಿಕೊಂಡರು.

‘ಬಿಳಿ ಬಟ್ಟೆ ತಾರದವರು ಹೊರಗೆ ಬಂದಂತಲ್ಲ,’ ಎಂದರು. ‘ಹಾಗಾದರೆ ಹಾಲಮ್ಮ ಇನ್ನೂ ಒಳಗಿದ್ದಾಳೆ. ಕಾಯೋಣ.’

‘ನಾನು ಇಲ್ಲೇ ನಿಂತಿದೀನಿ ಯಜಮಾನರೇ,’ ಎಂದಳು ಹಾಲಮ್ಮ.

ಯಜಮಾನರು ಅವಳ ಭುಜದ ಮೇಲಿಂದ ಬಾಗಿಲನ್ನೇ ನೋಡುತ್ತಾ ಕೂತರು. ಊರೂ ಕೂತಿತು. ಊಟದ ಹೊತ್ತಿನವರೆಗೆ ಕಾದರು. ಆಮೇಲೆ, ಅವಳಿಗೆ ತಡವಾಗಬಹುದು ಎಂದುಕೊಂಡು, ಊಟಕ್ಕೆ ಹೋದರು.

ಹಾಲಮ್ಮ ಮನೆಯ ಕಡೆ ನಡೆದಳು. ಎದುರು ಬಂದವರು ಅವಳಿಗೆ ದಾರಿ ಬಿಟ್ಟರು, ಆದರೆ ನೋಡಲಿಲ್ಲ. ಬಾವಿಯ ಬಳಿ ಪಕ್ಕದ ಮನೆಯ ಗೆಳತಿ ಸಿಕ್ಕಳು. ಅವಳು ನೆಲ ನೋಡುತ್ತಾ, ‘ನೀನು ಬಂದ ಮೇಲೆ ಮಾತಾಡ್ತೀನಿ ಕಣೇ,’ ಎಂದು ಬೇಗ ಬೇಗ ಕೊಡ ಎತ್ತಿಕೊಂಡು ಹೋದಳು. ಅವಳ ಕಣ್ಣು ಒದ್ದೆಯಾಗಿತ್ತು.

ಸಾರಲು ಏನೂ ಇಲ್ಲದ ಪಾಲಾಕ್ಷ ಮೊದಲೇ ಮನೆಗೆ ಬಂದು, ಎರಡು ತಟ್ಟೆ ಹಾಕಿ ಕಾಯುತ್ತಿದ್ದ. ಅವನು ಅವಳಿಗೆ ಬಡಿಸಿದ. ಅವಳ ಪಾದದ ಕಪ್ಪನ್ನು ಬಿಸಿನೀರಿನಿಂದ ತೊಳೆದ. ಅವಳು ಆಗ ಅತ್ತಳು. ಅಳು ಮುಗಿದ ಮೇಲೆ ಅವಳಿಗೆ ಒಂದು ಯೋಚನೆ ಬಂತು.

‘ನಾನು ಒಳಗೇ ಇದ್ದೀನಿ ಅಂತ ಯಜಮಾನರೇ ಹೇಳಿದಾರಲ್ಲ,’ ಎಂದಳು. ‘ಒಳಗಿರೋಳನ್ನ ಒಳಗೆ ಹೋಗಬೇಡ ಅನ್ನೋಕೆ ಯಾರಿಗೂ ಬರಲ್ಲ.’

ಮಾರನೆಯ ಬೆಳಗ್ಗೆ ಇಬ್ಬರೂ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಕೆರೆಯುವ ಹಲಗೆ, ಕುಡುಗೋಲು, ಗೋಣಿಚೀಲ ಹಿಡಿದು ಗಾಳಿಮನೆಗೆ ಹೋದರು. ಕಾವಲಿನವನು ಅವಳನ್ನು ಕಾಣಲಿಲ್ಲ. ಪಾಲಾಕ್ಷನನ್ನು ಕಂಡು, ‘ಹೆಂಡತೀನ ಕರೆಯೋಕೆ ಬಂದ್ಯಾ? ಹೋಗು,’ ಎಂದು ಬಿಟ್ಟ.

ಬಾಗಿಲ ಬಳಿ ಮರುಳಯ್ಯ ಕೂತಿದ್ದ. ಮನೆಯಿಂದ ಅಲ್ಲಿಗೆ ಕುಂಡಿಯ ಮೇಲೆ ತೆವಳಿಕೊಂಡು ಬಂದಿದ್ದ. ನಸುಕಿಗೂ ಮುಂಚೆ ಹೊರಟು ಆಗಷ್ಟೇ ಮುಟ್ಟಿದ್ದ.

‘ನಿನ್ನೆ ಬಟ್ಟೆ ನೋಡಿದೆ ತಾಯಿ,’ ಎಂದ. ‘ನಾನೂ ಮೊದಲನೇ ವರ್ಷ ಒತ್ತಿದ್ದೆ. ಮುಂದಿನ ವರ್ಷ ಹೇಳೋಣ ಅಂದ್ಕೊಂಡೆ. ಮುಂದಿನ ವರ್ಷ ಹೇಳಿದ್ರೆ ಹೋದ ವರ್ಷ ಯಾಕೆ ಹೇಳಲಿಲ್ಲ ಅಂತಾರಲ್ಲ ಅಂದ್ಕೊಂಡೆ. ಹಂಗೇ ಮೂವತ್ತೊಂದಾಯ್ತು. ನನ್ನವಳು ಕೆಮ್ಮಿ ಕೆಮ್ಮಿ ಹೋದ ವರ್ಷಾನೂ ಬಟ್ಟೆ ಬೆಳ್ಳಗೇ ಇತ್ತು.’

ಹಾಲಮ್ಮ ಅವನ ಪಕ್ಕ ಕೂತಳು. ಬಯ್ಯಬೇಕು ಎಂದು ಬಂದ ಮಾತು ಬಾಯಿಯವರೆಗೆ ಬಂದು ನಿಂತಿತು. ಅವಳದೂ ಒಂದು ವರ್ಷ ಆಗಿತ್ತು.

‘ಯಂತ್ರ ನಿಲ್ಲಿಸೋದು ಹೇಗೆ ಅಜ್ಜ?’

‘ನಾಲ್ಕನೇ ಕೋಣೆ ಮೂಲೇಲಿ ಹಿತ್ತಾಳೆ ತಿರುಗಣಿ ಇದೆ. ಎಡಕ್ಕೆ ತಿರುಗಿಸಿದ್ರೆ ನಿಲ್ಲುತ್ತೆ. ಅದರ ಪಕ್ಕದ ಜಾಲರಿ ರೆಕ್ಕೆಗಳನ್ನ ಪೂರಾ ತೆಗೆದುಬಿಡು, ಗಾಳಿ ತಾನೇ ಬರುತ್ತೆ, ನಿಧಾನವಾಗಿ. ಊರು ಸಾಯಲ್ಲ. ಯಂತ್ರ ನಿಂತ್ರೆ ಸಾಯುತ್ತೆ ಅಂತ ಮೊದಲು ಹೇಳಿದವನು ನಾನೇ.’

ಅವಳು ನಾಲ್ಕನೆಯ ಕೋಣೆಗೆ ಹೋಗಿ ತಿರುಗಣಿ ತಿರುಗಿಸಿದಳು. ಜಾಲರಿಯ ರೆಕ್ಕೆಗಳನ್ನು ಒಂದೊಂದಾಗಿ ತೆರೆದಳು. ಹೊರಗೆ ಹುಲ್ಲಿನ ಬಯಲಿತ್ತು. ಎರಡು ಕುರಿಗಳು ಮೇಯುತ್ತಿದ್ದವು. ಅವು ಕೆಮ್ಮುತ್ತಿರಲಿಲ್ಲ.

ಹೂಂಕಾರ ಸಣ್ಣಗಾಯಿತು, ಸಣ್ಣಗಾಯಿತು, ನಿಂತಿತು.

ಊರಿನಲ್ಲಿ ಆಗ ಒಬ್ಬಳು ಹಿಟ್ಟು ನಾದುತ್ತಿದ್ದಳು, ಒಬ್ಬ ಹಗ್ಗ ಹೊಸೆಯುತ್ತಿದ್ದ, ಯಜಮಾನರು ಚಾವಡಿಯಲ್ಲಿ ಒಂದು ಜಗಳ ಬಿಡಿಸುತ್ತಿದ್ದರು. ಎಲ್ಲರೂ ಕೈ ನಿಲ್ಲಿಸಿದರು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಅವರಿಗೆ ಊರು ಕೇಳಿಸಿತು. ಪಕ್ಕದ ಮನೆಯಲ್ಲಿ ಕೆಮ್ಮು. ಅದರಾಚೆಯ ಮನೆಯಲ್ಲಿ ಕೆಮ್ಮು. ತೊಟ್ಟಿಲಲ್ಲಿ ಕೆಮ್ಮು, ಜಗಲಿಯಲ್ಲಿ ಕೆಮ್ಮು, ಶಾಲೆಯಲ್ಲಿ ಸಾಲಾಗಿ ಕೆಮ್ಮು, ಊರಿನ ಈ ತುದಿಯಿಂದ ಆ ತುದಿಯವರೆಗೆ ಬಿಡುವಿಲ್ಲದ ಕೆಮ್ಮು. ಎಲ್ಲರೂ ಒಂದಿಷ್ಟು ಕೆಮ್ಮುತ್ತಾರೆ, ಬಿಡದೆ ಕೆಮ್ಮುವುದು ತಾನೊಬ್ಬನೇ ಎಂದು ಪ್ರತಿಯೊಬ್ಬರೂ ತಿಳಿದುಕೊಂಡಿದ್ದರು. ಮಿಕ್ಕದ್ದೆಲ್ಲ ಯಂತ್ರದ ಸದ್ದು ಎಂದುಕೊಂಡಿದ್ದರು.

ಹಿಟ್ಟು ನಾದುತ್ತಿದ್ದವಳು ಎದ್ದು ಹೋಗಿ ತೊಟ್ಟಿಲಿನ ಮಗುವನ್ನು ಎತ್ತಿಕೊಂಡು, ಅದರ ಎದೆಗೆ ಕಿವಿಯಿಟ್ಟಳು. ಬಹಳ ಹೊತ್ತು ಕಿವಿ ತೆಗೆಯಲಿಲ್ಲ.

ಗಾಳಿಮನೆಯ ಒಳಗೆ ಹಾಲಮ್ಮ ಮೊದಲು ತೊಟ್ಟಿಯ ಕಿಂಡಿಗೆ ಬಿದಿರಿನ ಕಡ್ಡಿ ಹಾಕಿ ತಿವಿದಳು. ಸುಣ್ಣದ ಚಕ್ಕೆ, ನಾರಿನ ಉಂಡೆ, ಒಂದು ಸತ್ತ ಗುಬ್ಬಿ ಹೊರಗೆ ಬಂದವು. ನೀರು ಗಳಗಳನೆ ಇಳಿದು ಹೋಯಿತು. ಆಮೇಲೆ ಅವಳು ಹೊದಿಕೆಯನ್ನು ಕುಡುಗೋಲಿನಿಂದ ಸೀಳಿ, ಮಡಿಕೆ ಮಡಿಕೆಯಾಗಿ ಬಿಡಿಸಿ, ಧೂಳೇಳದಂತೆ ಚೀಲಕ್ಕೆ ತುಂಬಿದಳು. ಪಾಲಾಕ್ಷ ತಗಡು ಕೆರೆದ. ಮರುಳಯ್ಯ ಕೂತಲ್ಲೇ ಚೀಲದ ಬಾಯಿ ಹೊಲಿದ. ತುಂಬಿದ ಚೀಲಗಳನ್ನು ಬೀದಿಯಲ್ಲಿ ಸಾಲಾಗಿ ಇಟ್ಟರು.

ಹಾಲಮ್ಮ ಹೊರಗೆ ಬಂದಿಲ್ಲವಾದ್ದರಿಂದ ಅವಳು ತಂದಿಟ್ಟ ಚೀಲಗಳೂ ಅಲ್ಲಿರಲಿಲ್ಲ. ಇಲ್ಲದ ಚೀಲಗಳನ್ನು ಸುತ್ತುಬಳಸಿ ಜನ ಓಡಾಡಿದರು. ಮೂಗು ಮುಚ್ಚಿಕೊಂಡರು. ಒಬ್ಬ ಮುದುಕ ದಣಿವಾಗಿ ಒಂದರ ಮೇಲೆ ಕೂತ, ಕಪ್ಪು ನೀರು ಪಂಚೆಗೆ ಹತ್ತಿದ ಮೇಲೂ ತಾನು ಗಾಳಿಯ ಮೇಲೆ ಕೂತಿದ್ದೇನೆ ಎಂದೇ ವಾದಿಸಿದ.

ಎರಡನೆಯ ದಿನ ಪಾಲಾಕ್ಷ ಕೆರೆಯುತ್ತಾ ಕೆರೆಯುತ್ತಾ ನೆಲಕ್ಕೆ ಕುಸಿದ. ಹಾಲಮ್ಮ ಅವನನ್ನು ಎಳೆದುಕೊಂಡು ಹೋಗಿ ಜಾಲರಿಯ ಪಕ್ಕ, ಹೊರಗಾಳಿ ಬೀಸುವಲ್ಲಿ ಮಲಗಿಸಿದಳು.

‘ಮನೆಗೆ ಹೋಗಿ ರೀ. ನಾನೊಬ್ಬಳೇ ಮಾಡ್ತೀನಿ.’

ಅವನು ತಲೆಯಾಡಿಸಿದ. ತುಟಿಯಾಡಿಸಿದ. ‘ನೀನು ಬರದೆ ನಾನು ಏನಂತ ಸಾರಲಿ’ ಎಂದಿದ್ದ. ಅವಳಿಗೆ ನಗು ಬಂತು. ಉಳಿದದ್ದು ಎರಡೂವರೆ ಕೋಣೆ. ಇರುವುದು ಅವಳೊಬ್ಬಳು, ಎದ್ದು ನಿಲ್ಲಲಾರದ ಇಬ್ಬರು ಗಂಡಸರು.

ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ಹಿಟ್ಟು ನಾದುತ್ತಿದ್ದ ಹೆಂಗಸು. ಮೂಗಿಗೆ ಸೆರಗು ಕಟ್ಟಿಕೊಂಡಿದ್ದಳು, ಕೈಯಲ್ಲಿ ದೋಸೆ ಮಗುಚುವ ಕೈ ಇತ್ತು.

‘ಇದರಲ್ಲಿ ಕೆರೆಯಬಹುದಾ?’ ಎಂದಳು.

‘ಬಹುದು.’

‘ಒಳಗೆ ಬಂದರೆ ನಾನೂ ಹೊರಗೆ ಹೋದಂತಾಗಲ್ಲ ಅಲ್ಲವಾ?’

‘ಆಗಲ್ಲ.’

‘ಮಗೂನ ಅತ್ತೆ ಹತ್ತಿರ ಬಿಟ್ಟು ಬಂದಿದೀನಿ,’ ಎಂದು ಅವಳು ತಲೆ ಬಗ್ಗಿಸಿ ಒಳಗೆ ಬಂದಳು.

ಸಂಜೆಯ ಹೊತ್ತಿಗೆ ಅವಳ ಅತ್ತೆ ಮಗುವನ್ನು ಗಂಡನ ಕೈಗಿತ್ತು ಬಂದಳು. ಬಾವಿಯ ಬಳಿಯ ಗೆಳತಿ ಬಂದು, ‘ಈಗ ಇಬ್ಬರೂ ಒಳಗೇ ಇದೀವಲ್ಲ,’ ಎಂದು ಹಾಲಮ್ಮನ ಕೈ ಹಿಡಿದುಕೊಂಡು ಒಂದೇ ಸಮನೆ ಮಾತಾಡಿದಳು. ಹಗ್ಗ ಹೊಸೆಯುವವನು ಬಂದ. ಕಾವಲಿನವನು, ಹೋದವರೆಲ್ಲ ಎಲ್ಲಿ ಎಂದು ನೋಡಲು ಬಗ್ಗಿ, ಒಳಗೇ ಉಳಿದ. ನಾಲ್ಕನೆಯ ದಿನದ ಹೊತ್ತಿಗೆ ಒಳಗೆ ಕಾಲಿಡಲು ಜಾಗವಿರಲಿಲ್ಲ. ಕೆರೆಯುವವರು, ಒರೆಸುವವರು, ಬಿಸಿನೀರು ಹೊತ್ತು ತರುವವರು, ಪಾಲಾಕ್ಷನಿಗೆ ಗಂಜಿ ಕುಡಿಸುವವರು. ಮಕ್ಕಳನ್ನು ಜಾಲರಿಯ ತೆರೆದ ರೆಕ್ಕೆಗಳ ಸಂದಿಯಿಂದ ಆಚೆ ಬಯಲಿಗೆ ಬಿಟ್ಟಿದ್ದರು. ಯಾರೂ ಹೊರಗೆ ಬಂದಂತಿರಲಿಲ್ಲ. ಕಟ್ಟಳೆಯ ಲೆಕ್ಕದಲ್ಲಿ ಊರಿಗೆ ಊರೇ ಯಂತ್ರದ ಒಳಗಿತ್ತು.

ಹೊರಗೆ ಯಜಮಾನರು ಒಬ್ಬರೇ ಉಳಿದರು.

ಅವರು ಒಂದು ದಿನ ಖಾಲಿ ಚಾವಡಿಯಲ್ಲಿ ಕೂತರು. ಬಿಡಿಸಲು ಜಗಳ ಇರಲಿಲ್ಲ. ಊರು ನಿಶ್ಶಬ್ದವಾಗಿತ್ತು. ಆ ನಿಶ್ಶಬ್ದದಲ್ಲಿ ಒಂದೇ ಒಂದು ಕೆಮ್ಮು ಕೇಳಿಸುತ್ತಿತ್ತು. ಯಾರದು ಎಂದು ಅವರು ಎರಡು ಸಲ ತಿರುಗಿ ನೋಡಿದರು.

ಐದನೆಯ ಬೆಳಗ್ಗೆ ತಗಡುಗಳು ಒಣಗಿ ಹೊಳೆಯುತ್ತಿದ್ದವು. ಹಾಲಮ್ಮ ಕೈಯಿಟ್ಟು ಒಂದೊಂದು ಮೂಲೆಯನ್ನೂ ನೋಡಿದಳು. ಆದರೆ ಹೊಸ ಹೊದಿಕೆ ಇರಲಿಲ್ಲ. ‘ಹಿಂದಿನವರು ಇಂಥ ದಿನಕ್ಕೆ ಅಂತ ಎತ್ತಿಟ್ಟಿದ್ರು,’ ಎಂದ ಮರುಳಯ್ಯ. ‘ಸುರುಳಿ ಸುರುಳಿ ಮಾಡಿ, ಒಂದು ಮೈಗೆ ಹೊಳೆಯೋ ತಗಡಿನ ಹಾಳೆ ಅಂಟಿಸಿ. ನೀರು ಹೀರದ ಜಾತಿ. ಆ ಸುರುಳಿಗಳಿಗೇ ಸಭೆಯವರು ಬಟ್ಟೆ ಹೊಲಿಸಿ, ದಿಂಬು ಮಾಡ್ಕೊಂಡು ಒರಗಿ ಕೂತ್ಕೋತಾರೆ.’

ಯಜಮಾನರ ದಿಂಬು ಕೇಳುವವರು ಯಾರು?

ಹಾಲಮ್ಮ ಎದ್ದು ಬಾಗಿಲ ಕಡೆ ಹೊರಟಳು. ಬಾಗಿಲಲ್ಲಿ ಆಗಲೇ ಯಾರೋ ನಿಂತಿದ್ದರು. ಬಾಗಿಲು ಗಿಡ್ಡವಾದ್ದರಿಂದ ಸೊಂಟದ ಕೆಳಗಷ್ಟೇ ಕಾಣುತ್ತಿತ್ತು: ಜರಿಯಂಚಿನ ಪಂಚೆ, ಅದರ ಪಕ್ಕ ನೆಲದ ಮೇಲೆ ಉರುಳಿಸಿಕೊಂಡು ಬಂದ ಒಂದು ದಪ್ಪ ದಿಂಬು. ಹಿಂದೆ ಬೀದಿಯುದ್ದಕ್ಕೂ ಮಿಕ್ಕ ದಿಂಬುಗಳು ಬಿದ್ದಿದ್ದವು. ಒಬ್ಬರೇ ಎಷ್ಟು ಸಲ ಹೋಗಿ ಬಂದಿದ್ದರೋ, ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

‘ಚಾವಡಿಯಲ್ಲಿ ಇದರ ಹೊಲಿಗೆ ಬಿಚ್ಚಿ ನೋಡಿದೆ,’ ಎಂದಿತು ಯಜಮಾನರ ದನಿ. ಆಮೇಲೆ ಕೆಮ್ಮಿದರು. ‘ಒಳಗೆ ಇನ್ನೊಬ್ಬರಿಗೆ ಜಾಗ ಇದೆಯೇನಮ್ಮ?’

‘ಇದೆ. ತಲೆ ಬಗ್ಗಿಸಿ ಬನ್ನಿ ಯಜಮಾನರೇ,’ ಎಂದಳು ಹಾಲಮ್ಮ. ‘ಬಾಗಿಲು ತಾಗುತ್ತೆ.’

ಅವರು ಬಗ್ಗಿದರು. ಆದರೂ, ಅಭ್ಯಾಸವಿಲ್ಲದ್ದರಿಂದ, ತಲೆ ತಾಗಿತು.

ಹೊಸ ಹೊದಿಕೆ ಹೊದಿಸಲು ಮೂರು ದಿನ ಹಿಡಿಯಿತು. ಸಂದುಗಳನ್ನೆಲ್ಲ ಹಾಲಮ್ಮ ತಾನೇ ಮುಚ್ಚಿದಳು. ಕೊಳೆ ತುಂಬಿದ ಚೀಲಗಳನ್ನು ಬಯಲಿಗೆ ಸಾಗಿಸಿ ಆಳವಾಗಿ ಹೂತರು. ಅವು ಇದ್ದವೋ ಇರಲಿಲ್ಲವೋ ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಮರುಳಯ್ಯನನ್ನು ಇಬ್ಬರು ಹೊತ್ತುಕೊಂಡು ನಾಲ್ಕನೆಯ ಕೋಣೆಗೆ ಒಯ್ದರು. ಅವನೇ ತಿರುಗಣಿಯನ್ನು ಬಲಕ್ಕೆ ತಿರುಗಿಸಿದ. ಗಾಳಿ ಎದ್ದಿತು. ಅವನು ಮುಖವನ್ನು ಅದಕ್ಕೆ ಒಡ್ಡಿ ಕೂತಿದ್ದ. ಮನೆಗೆ ಹೋಗೋಣ ಎಂದರೆ ಇನ್ನೊಂದು ಗಳಿಗೆ ಎಂದ. ಜನ ಒಬ್ಬೊಬ್ಬರಾಗಿ ಬಾಗಿಲಿಂದ ಆಚೆ ಹೋದರು. ಮೂರನೆಯ ಸಾಲನ್ನು ಓದಲು ಯಾರೂ ತಲೆಯೆತ್ತಲಿಲ್ಲ.

ಕೆಮ್ಮು ಅಂದೇ ಹೋಗಲಿಲ್ಲ. ಕೆಲವರದು ವಾರಕ್ಕೆ ಇಳಿಯಿತು, ಕೆಲವರದು ತಿಂಗಳಿಗೆ. ಮುದುಕರಲ್ಲಿ ಕೆಲವರದು ಹೋಗಲೇ ಇಲ್ಲ. ಪಾಲಾಕ್ಷನ ದನಿ ಬರಲಿಲ್ಲ; ಬರುತ್ತದೆ ಎಂದು ಯಾರೂ ಹಾಲಮ್ಮನಿಗೆ ಸುಳ್ಳು ಹೇಳಲಿಲ್ಲ.

ನಲವತ್ತು ದಿನಗಳಾದ ಮೇಲೆ ಒಂದು ಬೆಳಗ್ಗೆ ಅವಳಿಗೆ ಹೊತ್ತಾಗಿ ಎಚ್ಚರವಾಯಿತು. ಮನೆ ತೀರಾ ಸುಮ್ಮನಿತ್ತು. ಪಕ್ಕದಲ್ಲಿ ಪಾಲಾಕ್ಷ ಗೋಡೆಗೆ ಒರಗಿ ಕೂತಿರಲಿಲ್ಲ. ಚಾಪೆಯ ಮೇಲೆ ಮಲಗಿದ್ದ, ಅಂಗಾತ, ಕೈಕಾಲು ಚೆಲ್ಲಿಕೊಂಡು. ಕದಲುತ್ತಿರಲಿಲ್ಲ. ಅವಳು ಮೊಣಕೈಯೂರಿ ಹತ್ತಿರ ಸರಿದು, ಅವನ ಮೂಗಿನ ಬಳಿ ಬೆರಳು ಹಿಡಿದಳು.

ಉಸಿರು ಬೆಚ್ಚಗೆ ತಗುಲಿತು. ನಿಂತು, ಮತ್ತೆ ತಗುಲಿತು.

ಬೆರಳು ನೋಯುವವರೆಗೂ ಅವಳು ಹಾಗೆಯೇ ಹಿಡಿದಿದ್ದಳು. ಆಮೇಲೆ ಎದ್ದು, ಅವನಿಗೆ ಎಚ್ಚರವಾಗದ ಹಾಗೆ ಒಲೆ ಹಚ್ಚಿದಳು.